ಆಟಿಕೆ ರೈಲಿನ ಹಲಗೆಯ ಕೆಳಗೆ

ಆಟಿಕೆ ರೈಲನ್ನು ನೀವೆಲ್ಲ ನೋಡಿಯೇ ಇರುತ್ತೀರಿ. ದುಂಡನೆಯ ಹಳಿಯ ಮೇಲೆ ಸುತ್ತು ಹೊಡೆಯುವ ಪುಟ್ಟ ಎಂಜಿನ್ನು, ಅದರ ಹಿಂದೆ ನಾಲ್ಕಾರು ಡಬ್ಬಿಗಳು. ನಾಲ್ಕು ದಿನ ಆಡಿದ ಮೇಲೆ ಮಕ್ಕಳಿಗೆ ಬೇಸರ ಬರುತ್ತದೆ, ರೈಲು ಅಟ್ಟ ಸೇರುತ್ತದೆ. ಆದರೆ ದೊಡ್ಡವರಾದ ಮೇಲೂ ಈ ಬೇಸರ ಬಾರದವರಿದ್ದಾರೆ. ಅವರು ನಿಜವಾದ ರೈಲನ್ನು ಅಳತೆ ತಪ್ಪದಂತೆ ಕುಗ್ಗಿಸಿ, ಹಳಿ, ಸೇತುವೆ, ನಿಲ್ದಾಣ, ಕೈಕಂಬ ಎಲ್ಲವನ್ನೂ ದೊಡ್ಡ ಹಲಗೆಯೊಂದರ ಮೇಲೆ ಕಟ್ಟಿ ನಿಲ್ಲಿಸುತ್ತಾರೆ. ಇಂತಹ ಹವ್ಯಾಸಿಗಳ ಸಂಘವೊಂದು ಕಂಪ್ಯೂಟರಿನ ಇತಿಹಾಸದಲ್ಲಿ ಸ್ಥಾನ ಪಡೆಯಿತು ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಅದು ಹೇಗಾಯಿತೆಂಬುದನ್ನು ನೋಡೋಣ.

ಮರದ ಕಟ್ಟಡದಲ್ಲಿ ಆರಂಭ

ಅಮೆರಿಕದ ಬಾಸ್ಟನ್ ನಗರಕ್ಕೆ ಅಂಟಿಕೊಂಡಂತೆ ಕೇಂಬ್ರಿಜ್ ಎಂಬ ಊರಿದೆ. ಪ್ರಸಿದ್ಧ ತಾಂತ್ರಿಕ ವಿದ್ಯಾಸಂಸ್ಥೆಯಾದ ಎಂ.ಐ.ಟಿ. ಇರುವುದು ಇಲ್ಲಿಯೇ. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, ಅಂದರೆ 1946ರಲ್ಲಿ, ಇಲ್ಲಿನ ವಿದ್ಯಾರ್ಥಿಗಳು 'ಟೆಕ್ ಮಾಡೆಲ್ ರೈಲ್‌ರೋಡ್ ಕ್ಲಬ್' ಎಂಬ ಸಂಘವನ್ನು ಸ್ಥಾಪಿಸಿದರು. ಸಂಘದ ಕೋಣೆಯಿದ್ದುದು ಇಪ್ಪತ್ತನೆಯ ಸಂಖ್ಯೆಯ ಕಟ್ಟಡದಲ್ಲಿ. ಯುದ್ಧಕಾಲದಲ್ಲಿ ರೇಡಾರ್ ಸಂಶೋಧನೆಗೆಂದು 1943ರಲ್ಲಿ ಅವಸರದಿಂದ ಮರದಲ್ಲಿ ಎಬ್ಬಿಸಿದ ತಾತ್ಕಾಲಿಕ ಕಟ್ಟಡ ಅದು. ಯುದ್ಧ ಮುಗಿದೊಡನೆ ಕೆಡವಬೇಕಾಗಿತ್ತು, ಆದರೆ 1998ರವರೆಗೂ ನಿಂತಿತ್ತು! ಅಂದಚಂದವಿಲ್ಲದ ಕಟ್ಟಡವಾದ್ದರಿಂದ ಗೋಡೆಗೆ ತೂತು ಕೊರೆದರೂ, ತಂತಿ ಎಳೆದರೂ ಕೇಳುವವರಿರಲಿಲ್ಲ. ಕೈಕೆಲಸದವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಕ್ಕೀತೆ?

ಸಂಘದವರು ಆರಿಸಿಕೊಂಡ ಅಳತೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಇದನ್ನು ಹವ್ಯಾಸಿಗಳು 'ಎಚ್‌ಓ' ಅಳತೆ ಎನ್ನುತ್ತಾರೆ. ಇದರಲ್ಲಿ ಎರಡು ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್ ಮಾತ್ರ.

ಸದಸ್ಯರಲ್ಲಿ ಎರಡು ಬಗೆಯವರಿದ್ದರು. ಕೆಲವರಿಗೆ ಎಂಜಿನ್ನಿಗೆ ಬಣ್ಣ ಹಚ್ಚುವುದು, ಬೆಟ್ಟಗುಡ್ಡ ಕಟ್ಟುವುದು, ರೈಲುಗಳ ಚರಿತ್ರೆ ಓದುವುದು ಪ್ರಿಯ. ಇನ್ನು ಕೆಲವರಿಗೆ ಹಲಗೆಯ ಮೇಲಿನ ಲೋಕಕ್ಕಿಂತ ಕೆಳಗಿನ ಲೋಕವೇ ಹೆಚ್ಚು ಪ್ರಿಯ. ತಂತಿಗಳ ಕಾಡಿನಲ್ಲಿ ಅಂಗಾತ ಮಲಗಿ, ಯಾವ ತಂತಿ ಎಲ್ಲಿಗೆ ಹೋಗಬೇಕೆಂದು ಯೋಚಿಸುತ್ತಿದ್ದವರು ಇವರು. ಇವರದು 'ಸಿಗ್ನಲ್ ಮತ್ತು ವಿದ್ಯುತ್' ಉಪಸಮಿತಿ. ನಮ್ಮ ಕಥೆ ಮುಂದೆ ಸಾಗುವುದು ಇವರ ಹಿಂದೆ.

ಒಂದು ಹಳಿ, ಎರಡು ರೈಲು

ಹಲಗೆಯ ಕೆಳಗೆ ಅಷ್ಟೊಂದು ತಂತಿ ಏಕೆ ಬೇಕು? ಮಾದರಿ ರೈಲಿಗೆ ವಿದ್ಯುತ್ತು ಹಳಿಯ ಮೂಲಕವೇ ಬರುತ್ತದೆ. ಆದ್ದರಿಂದ ಒಂದೇ ಹಳಿಯ ಮೇಲೆ ಎರಡು ರೈಲುಗಳಿದ್ದರೆ ಎರಡಕ್ಕೂ ಒಂದೇ ವಿದ್ಯುತ್ತು. ಒಂದನ್ನು ಓಡಿಸಿದರೆ ಇನ್ನೊಂದೂ ಓಡುತ್ತದೆ, ಒಂದನ್ನು ನಿಲ್ಲಿಸಿದರೆ ಇನ್ನೊಂದೂ ನಿಲ್ಲುತ್ತದೆ. ಬೇರೆ ಬೇರೆಯಾಗಿ ನಡೆಸಬೇಕಾದರೆ ಹಳಿಯನ್ನು ತುಂಡು ತುಂಡಾಗಿ ವಿಂಗಡಿಸಿ, ಒಂದು ತುಂಡಿನ ವಿದ್ಯುತ್ತು ಇನ್ನೊಂದಕ್ಕೆ ಹರಿಯದಂತೆ ಮಾಡಬೇಕು. ಆಗ ಹೊಸ ಪ್ರಶ್ನೆ ಏಳುತ್ತದೆ. ಐದಾರು ಚಾಲಕರು, ಹತ್ತಾರು ತುಂಡುಗಳು. ಈ ಗಳಿಗೆಯಲ್ಲಿ ಯಾವ ತುಂಡು ಯಾವ ಚಾಲಕನ ಕೈಯಲ್ಲಿರಬೇಕು? ರೈಲು ಮುಂದಿನ ತುಂಡಿಗೆ ಹೋದಾಗ ಅಧಿಕಾರವೂ ಅದರ ಜೊತೆಗೇ ಹೋಗಬೇಕು. ಒಂದು ತುಂಡಿಗೆ ಇಬ್ಬರು ಒಡೆಯರಿರಬಾರದು.

ಸ್ವಲ್ಪ ಯೋಚಿಸಿದರೆ ಟೆಲಿಫೋನ್ ವಿನಿಮಯ ಕೇಂದ್ರದ ಸಮಸ್ಯೆಯೂ ಇದೇ ಎಂದು ನಿಮಗೆ ಹೊಳೆಯುತ್ತದೆ. ಅಲ್ಲಿಯೂ ಕರೆಯುವವರು ಅನೇಕರು, ತಂತಿಗಳು ಅನೇಕ. ಯಾರನ್ನು ಯಾರಿಗೆ ಜೋಡಿಸಬೇಕು, ಯಾವುದು ಬಿಡುವಾಗಿದೆ ಎಂಬುದನ್ನು ಯಂತ್ರವೇ ನಿರ್ಧರಿಸಬೇಕು. ಅದೃಷ್ಟಕ್ಕೆ ಸಂಘದ ಸಲಹೆಗಾರರಾಗಿದ್ದ ಅಧ್ಯಾಪಕರೇ ಎಂ.ಐ.ಟಿ.ಯ ಟೆಲಿಫೋನ್ ವ್ಯವಸ್ಥೆಯನ್ನೂ ನೋಡಿಕೊಳ್ಳುತ್ತಿದ್ದರು. ಹೀಗಾಗಿ ಟೆಲಿಫೋನ್ ಉಪಕರಣಗಳು ಸಂಘಕ್ಕೆ ದೊರೆತವು. ಹಳೆಯ ಟೆಲಿಫೋನಿನ ತಿರುಗುವ ಡಯಲ್ಲು ನಿಮಗೆ ನೆನಪಿರಬಹುದು. ಐದನ್ನು ತಿರುಗಿಸಿದರೆ ಐದು ಮಿಡಿತಗಳು ಹೋಗುತ್ತವೆ. ಕೇಂದ್ರದಲ್ಲಿರುವ ಸ್ವಿಚ್ಚು ಐದು ಮೆಟ್ಟಿಲು ಏರಿ ನಿಲ್ಲುತ್ತದೆ. ಸಂಘದ ಚಾಲಕರೂ ಹಾಗೆಯೇ ಡಯಲ್ ತಿರುಗಿಸಿ ತಮಗೆ ಬೇಕಾದ ಹಳಿಯನ್ನು ವಶಕ್ಕೆ ತೆಗೆದುಕೊಳ್ಳುತ್ತಿದ್ದರು!

ಯೋಚಿಸುವ ತಂತಿಗಳು

ಈ ಏರ್ಪಾಟಿನ ಜೀವಾಳ 'ರಿಲೇ' ಎಂಬ ಸಣ್ಣ ಸಾಧನ. ತಂತಿಯ ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಅದು ಅಯಸ್ಕಾಂತವಾಗಿ ಒಂದು ಲೋಹದ ಪಟ್ಟಿಯನ್ನು ಸೆಳೆಯುತ್ತದೆ. ಪಟ್ಟಿ ತಗುಲಿದೊಡನೆ ಇನ್ನೊಂದು ಮಂಡಲ ಪೂರ್ಣವಾಗುತ್ತದೆ. ಎರಡು ರಿಲೇಗಳನ್ನು ಒಂದರ ಮುಂದೊಂದು ಜೋಡಿಸಿದರೆ, ಎರಡೂ ಮುಚ್ಚಿದಾಗ ಮಾತ್ರ ವಿದ್ಯುತ್ತು ದಾಟುತ್ತದೆ. ಇದು 'ಮತ್ತು'. ಅಕ್ಕಪಕ್ಕದಲ್ಲಿ ಜೋಡಿಸಿದರೆ ಯಾವುದಾದರೂ ಒಂದು ಮುಚ್ಚಿದರೆ ಸಾಕು. ಇದು 'ಅಥವಾ'. 'ಮುಂದಿನ ಹಳಿ ಬಿಡುವಾಗಿದ್ದರೆ, ಮತ್ತು ಪಾಯಿಂಟು ನೇರವಾಗಿದ್ದರೆ, ಹಸಿರು ದೀಪ ಹತ್ತಲಿ' ಎಂಬ ವಾಕ್ಯವನ್ನು ಹೀಗೆ ತಂತಿಯಲ್ಲೇ ಬರೆಯಬಹುದು. ರಿಲೇಗಳ ಜೋಡಣೆಯನ್ನು ತರ್ಕದ ಬೀಜಗಣಿತದಿಂದ ಲೆಕ್ಕ ಹಾಕಬಹುದೆಂದು ಕ್ಲಾಡ್ ಶಾನನ್ 1937ರಲ್ಲಿ ಇದೇ ಎಂ.ಐ.ಟಿ.ಯ ತಮ್ಮ ಪ್ರಬಂಧದಲ್ಲಿ ತೋರಿಸಿಕೊಟ್ಟಿದ್ದರು. ಕಂಪ್ಯೂಟರಿನ ಒಳಗಿರುವುದೂ ಇದೇ ತರ್ಕವೇ. ಅಂದರೆ ರೈಲು ಹಲಗೆಯ ಕೆಳಗೆ ಮಲಗಿದ್ದ ಹುಡುಗರು, ಕಂಪ್ಯೂಟರನ್ನು ಕಾಣುವ ಮೊದಲೇ ಅದರ ಭಾಷೆಯನ್ನು ಬೆರಳ ತುದಿಯಿಂದ ಕಲಿಯುತ್ತಿದ್ದರು.

ಸಂಘದಲ್ಲೊಂದು ನಿಯಮವಿತ್ತು. ಹೊಸಬರು ರೈಲು ಹಲಗೆಗಾಗಿ 40 ಗಂಟೆ ದುಡಿದರೆ ಅವರಿಗೆ ಕೋಣೆಯ ಬೀಗದ ಕೈ ಸಿಗುತ್ತಿತ್ತು. ಅನಂತರ ಹಗಲಾಗಲಿ, ರಾತ್ರಿಯಾಗಲಿ ಬಂದು ಕೆಲಸ ಮಾಡಬಹುದು. ನೋಡುತ್ತಿದ್ದುದು ದುಡಿಮೆಯನ್ನು, ಪರೀಕ್ಷೆಯ ಅಂಕಗಳನ್ನಲ್ಲ.

ಕೆಲಸದ ಜೊತೆಗೆ ಅವರದೇ ಒಂದು ಭಾಷೆಯೂ ಬೆಳೆಯಿತು. ಚಾತುರ್ಯದಿಂದ, ಮಾಡುವ ಸಂತೋಷಕ್ಕಾಗಿಯೇ ಮಾಡಿದ ಕೆಲಸವನ್ನು ಅವರು 'ಹ್ಯಾಕ್' ಎಂದರು. 1955ರ ಏಪ್ರಿಲ್ ತಿಂಗಳ ಸಭೆಯ ನಡಾವಳಿಯಲ್ಲಿ, ವಿದ್ಯುತ್ ವ್ಯವಸ್ಥೆಯಲ್ಲಿ 'ಹ್ಯಾಕಿಂಗ್' ಮಾಡುವವರು ಫ್ಯೂಸು ಸುಡದಂತೆ ಮೊದಲು ವಿದ್ಯುತ್ತನ್ನು ಆರಿಸಬೇಕೆಂಬ ವಿನಂತಿಯಿದೆ. ಇಂದು ಕಂಪ್ಯೂಟರ್ ಕಳ್ಳರಿಗೆ ಅಂಟಿಕೊಂಡಿರುವ 'ಹ್ಯಾಕರ್' ಎಂಬ ಹೆಸರಿನ ಬೇರು ಇಲ್ಲಿದೆ. 1959ರಲ್ಲಿ ಪೀಟರ್ ಸ್ಯಾಮ್ಸನ್ ಎಂಬ ಸದಸ್ಯರು ಸಂಘದ ಮಾತುಗಳ ಸಣ್ಣ ನಿಘಂಟನ್ನೇ ಬರೆದರು.

ಹಲಗೆಯಿಂದ ಕಂಪ್ಯೂಟರಿಗೆ

ಆ ದಿನಗಳಲ್ಲಿ ಕಂಪ್ಯೂಟರೆಂದರೆ ಗರ್ಭಗುಡಿಯ ದೇವರಿದ್ದಂತೆ. ಎಂ.ಐ.ಟಿ.ಯ ಐ.ಬಿ.ಎಂ. 704 ಯಂತ್ರವನ್ನು ಬಳಸುವವರು ರಂಧ್ರ ಕೊರೆದ ಕಾರ್ಡುಗಳನ್ನು ಸಿಬ್ಬಂದಿಗೆ ಒಪ್ಪಿಸಿ, ಉತ್ತರಕ್ಕಾಗಿ ಗಂಟೆಗಟ್ಟಲೆ ಕಾಯಬೇಕಿತ್ತು. ಯಂತ್ರವನ್ನು ಮುಟ್ಟುವಂತಿರಲಿಲ್ಲ. 1958ರಲ್ಲಿ ಟಿ.ಎಕ್ಸ್.-0 ಎಂಬ ಟ್ರಾನ್ಸಿಸ್ಟರ್ ಕಂಪ್ಯೂಟರು ಲಿಂಕನ್ ಪ್ರಯೋಗಾಲಯದಿಂದ ಅಲ್ಲಿಗೆ ಎರವಲಾಗಿ ಬಂದಿತು. ಇದರ ಮುಂದೆ ಬಳಸುವವರೇ ಕೂರಬಹುದಿತ್ತು, ತಪ್ಪು ಕಂಡರೆ ಅಲ್ಲಿಯೇ ತಿದ್ದಬಹುದಿತ್ತು. ಸಂಘದ ಹಿಂದಿನ ಸದಸ್ಯ ಜ್ಯಾಕ್ ಡೆನ್ನಿಸ್ ಹೊಸ ಹುಡುಗರಿಗೆ ಅದರ ಪರಿಚಯ ಮಾಡಿಸಿದರು. ಬೇರೆಯವರು ಮಲಗಿರುವ ಹೊತ್ತಿನಲ್ಲಿ ಯಂತ್ರ ಬಿಡುವಾಗಿರುತ್ತಿತ್ತು. ಹುಡುಗರು ರಾತ್ರಿಯನ್ನು ಹಗಲು ಮಾಡಿಕೊಂಡರು. ಸ್ಯಾಮ್ಸನ್ ಅದರಿಂದ ಸಂಗೀತ ನುಡಿಸಿದರು.

1961ರಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಸಂಸ್ಥೆಯು ಪಿ.ಡಿ.ಪಿ.-1 ಎಂಬ ಕಂಪ್ಯೂಟರನ್ನು ಎಂ.ಐ.ಟಿ.ಗೆ ದಾನವಾಗಿ ಕೊಟ್ಟಿತು. 1962ರಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ಅದರ ಪರದೆಯ ಮೇಲೆ 'ಸ್ಪೇಸ್‌ವಾರ್' ಎಂಬ ಆಟವನ್ನು ರಚಿಸಿದರು. ಪ್ರಪಂಚದ ಮೊಟ್ಟಮೊದಲ ವಿಡಿಯೋ ಆಟಗಳಲ್ಲಿ ಇದೂ ಒಂದು. ಯಂತ್ರದ ಸ್ವಿಚ್ಚುಗಳನ್ನೇ ಒತ್ತಿ ಆಡುವುದು ಕಷ್ಟವಾದಾಗ ಅಲನ್ ಕೋಟಾಕ್ ಮತ್ತು ರಾಬರ್ಟ್ ಸಾಂಡರ್ಸ್ ರೈಲು ಸಂಘದ ಕೋಣೆಯಿಂದ ಬಿಡಿಭಾಗಗಳನ್ನು ಆಯ್ದು ತಂದು ಕೈಯಲ್ಲಿ ಹಿಡಿಯುವ ಪೆಟ್ಟಿಗೆಗಳನ್ನು ಮಾಡಿದರು. ಇಂದು ನಿಮ್ಮ ಮಕ್ಕಳು ಹಿಡಿದು ಆಡುವ ನಿಯಂತ್ರಕಗಳ ಪೂರ್ವಜರು ಇವು. ಕೋಟಾಕ್ ಮುಂದೆ ಪಿ.ಡಿ.ಪಿ.-10 ಕಂಪ್ಯೂಟರಿನ ಮುಖ್ಯ ವಿನ್ಯಾಸಕರಾದರು.

ಹೊಗಳಿಕೆಯಷ್ಟೇ ಹೇಳಿ ಮುಗಿಸಿದರೆ ಚಿತ್ರ ಅರ್ಧವಾದೀತು. ಬೇಕಾದ ಬಿಡಿಭಾಗಕ್ಕಾಗಿ ನಡುರಾತ್ರಿ ಬೇರೆಯವರ ಉಗ್ರಾಣಕ್ಕೆ ನುಗ್ಗುವ ಅಭ್ಯಾಸವೂ ಇವರಲ್ಲಿತ್ತು. ಆರಂಭದ ವರ್ಷಗಳ ಈ ಬಳಗದಲ್ಲಿ ಹೆಣ್ಣುಮಕ್ಕಳು ಇರಲಿಲ್ಲವೆಂದೇ ಹೇಳಬೇಕು. ಬಾಗಿಲು ತೆರೆದಿತ್ತು ನಿಜ, ಆದರೆ ಆ ಬಾಗಿಲವರೆಗೆ ಬರಲು ಸಾಧ್ಯವಾದವರು ಕೆಲವರೇ.

ಹಾಗಾದರೆ ನಾವು ಕಲಿಯಬೇಕಾದುದೇನು? ಇದಕ್ಕೆ ಹಣದ ರಾಶಿಯೇನೂ ಬೇಕಾಗಲಿಲ್ಲ. ಬಿಡಿಸಲು ಯೋಗ್ಯವಾದ ಒಂದು ಸಮಸ್ಯೆ, ಕೆಡಿಸಿದರೂ ಬೈಗುಳ ಬಾರದ ಹಳೆಯ ಸಾಮಾನು, ನಂಬಿ ಕೊಟ್ಟ ಒಂದು ಬೀಗದ ಕೈ, ಇಷ್ಟು ಸಾಕಾಯಿತು. ನಮ್ಮ ಎಷ್ಟೋ ಶಾಲೆಗಳಲ್ಲಿ ಉಪಕರಣಗಳು ಕೆಟ್ಟಾವೆಂಬ ಭಯಕ್ಕೆ ಬೀರುವಿನೊಳಗೇ ಹಳತಾಗುತ್ತವೆ. ನೀವು ಅಧ್ಯಾಪಕರಾಗಿದ್ದರೆ, ವಾರಕ್ಕೊಂದು ಸಂಜೆ ಆ ಬೀರುವನ್ನು ತೆರೆದಿಡಿ. ಹುಡುಗರಂತೆ ಹುಡುಗಿಯರನ್ನೂ ಕರೆಯಿರಿ. ನೀವು ತಂದೆತಾಯಿಯರಾಗಿದ್ದರೆ, ಮಗು ಹಳೆಯ ರೇಡಿಯೋ ಬಿಚ್ಚಿ ಕುಳಿತಾಗ ಗದರಿಸುವ ಮೊದಲು, ಅದು ವಿದ್ಯುತ್ತಿನಿಂದ ಬೇರ್ಪಟ್ಟಿದೆಯೇ ಎಂದಷ್ಟೇ ನೋಡಿ. ಆಮೇಲೆ ಪಕ್ಕದಲ್ಲಿ ಕುಳಿತು ಒಂದು ತಿರುಪುಳಿ ಕೈಗೆ ಕೊಡಿ.