ಹುಳಿ ಮಣ್ಣಲ್ಲಿ ಉಳಿಯದ ಮೂಳೆ

ಕಳೆದ ಸಲ ಹೊಸನಗರದ ಮನೆಗೆ ಹೋದಾಗ ಅಡಿಕೆ ಸಸಿಗೆ ಗುಂಡಿ ತೆಗೆಯುತ್ತಿದ್ದೆವು. ಹದಿನೈದು ವರ್ಷದ ಹಿಂದೆ ನಾನೇ ನಮ್ಮ ನಾಯಿ ಕರಿಯನನ್ನು ಹೂತಿದ್ದ ಜಾಗ ಅದು. ಸಿಕ್ಕಿದ್ದು ಕೊರಳಪಟ್ಟಿಯ ತುಕ್ಕು ಹಿಡಿದ ಬಕಲ್ಲು, ಮುಟ್ಟಿದರೆ ಪುಡಿಯಾಗುವ ಎರಡು ಮೂಳೆಚೂರು. ಅಷ್ಟೇ.

ಪಕ್ಕದಲ್ಲಿದ್ದ ಅಕ್ಕನ ಮಗ ಕೇಳಿದ: "ಮಾವಾ, ಕರಿಯನ ಮೂಳೆನೇ ಉಳೀಲಿಲ್ಲ. ಆದಿಮಾನವನ ಮೂಳೆ ಲಕ್ಷ ವರ್ಷ ಹೆಂಗೆ ಉಳೀತು? ನಮ್ಮೂರಲ್ಲಿ ಅವ್ರು ಇರ್ಲೇ ಇಲ್ವಾ?"

ಅರ್ಧ ಉತ್ತರ ಅಪ್ಪನ ಬಾಯಲ್ಲೇ ಇತ್ತು. "ನಮ್ಮ ಮಣ್ಣು ಹುಳಿ ಕಣೋ. ಅದಕ್ಕೇ ತೋಟಕ್ಕೆ ಸುಣ್ಣ ಹಾಕ್ಸೋದು." ಸಾಗರದಿಂದ ತೀರ್ಥಹಳ್ಳಿವರೆಗೆ ಜಂಬಿಟ್ಟಿಗೆ ನೆಲ, ಮೇಲೆ ಮುಗಿಯದ ಮಳೆ. ಆ ಮಳೆ ಮಣ್ಣಿನ ಸುಣ್ಣದಂಶವನ್ನು ತೊಳೆದುಬಿಡುತ್ತದೆ, ಉಳಿದ ಆಮ್ಲ ಮೂಳೆಯ ಕ್ಯಾಲ್ಸಿಯಂ ಅನ್ನು ಕರಗಿಸುತ್ತದೆ. ಪಳೆಯುಳಿಕೆ ಆಗಬೇಕಾದರೆ ಮೂಳೆ ಬೇಗ ಹೂಳಿನಲ್ಲೋ ಜ್ವಾಲಾಮುಖಿಯ ಬೂದಿಯಲ್ಲೋ ಮುಚ್ಚಿಹೋಗಬೇಕು, ಖನಿಜ ತುಂಬಿಕೊಂಡು ಕಲ್ಲಾಗಬೇಕು.

ಹಾಗೆ ಉಳಿದ ಚೂರುಗಳಲ್ಲಿ ವಿಜ್ಞಾನಿಗಳು ನೋಡುವುದೇನು? ಮೊದಲು ಬುರುಡೆಯಿಂದ ಬೆನ್ನುಹುರಿ ಇಳಿಯುವ ದೊಡ್ಡ ರಂಧ್ರ. ನಾಯಿಗೆ ಅದು ಬುರುಡೆಯ ಹಿಂಬದಿಗೆ, ನಮಗೆ ನಡು ತಳಕ್ಕೆ. ತಲೆ ನೆಟ್ಟಗಿನ ಬೆನ್ನಿನ ಮೇಲೆ ಕೂತಿತ್ತು ಎಂಬುದಕ್ಕೆ ಅದೇ ಸಾಕ್ಷಿ. 1924ರಲ್ಲಿ ದಕ್ಷಿಣ ಆಫ್ರಿಕಾದ ಟಾಂಗ್‌ನಲ್ಲಿ ಸಿಕ್ಕ ಮಗುವಿನ ಬುರುಡೆಯಲ್ಲಿ ರೇಮಂಡ್ ಡಾರ್ಟ್ ಗಮನಿಸಿದ್ದು ಇದನ್ನೇ. ಆಮೇಲೆ ಸೊಂಟ, ಮೊಣಕಾಲು. 1974ರಲ್ಲಿ ಇಥಿಯೋಪಿಯಾದಲ್ಲಿ ಸಿಕ್ಕ 'ಲೂಸಿ'ಗೆ ಸುಮಾರು 32 ಲಕ್ಷ ವರ್ಷ. ಅವಳ ಕುಲದವರ ಮೆದುಳು ಹೆಚ್ಚುಕಮ್ಮಿ ಚಿಂಪಾಂಜಿಯಷ್ಟೇ, ಆದರೆ ಸೊಂಟ ಮಾತ್ರ ಎರಡು ಕಾಲಲ್ಲಿ ನಡೆಯುವವರದ್ದು. ಅಂದರೆ ಮೊದಲು ಎದ್ದು ನಡೆದೆವು, ಬುದ್ಧಿ ಬೆಳೆದದ್ದು ಆಮೇಲೆ! ಇನ್ನು ಹೋಮೋ ಎರೆಕ್ಟಸ್‌ಗೆ ಹುಬ್ಬಿನ ಮೇಲೆ ದಪ್ಪ ಮೂಳೆಯ ದಂಡೆ, ತಗ್ಗಾದ ಉದ್ದ ಬುರುಡೆ. ಮುಂದಕ್ಕೆ ಚಾಚಿದ ಗದ್ದ ನಮಗೊಬ್ಬರಿಗೇ.

ನಮ್ಮ ದೇಶಕ್ಕೆ ಬಂದರೆ ಲೆಕ್ಕ ತೀರಾ ಸಣ್ಣದು. 1982ರ ಡಿಸೆಂಬರ್ 5ರಂದು ಮಧ್ಯಪ್ರದೇಶದ ಹಥ್ನೋರಾದಲ್ಲಿ, ನರ್ಮದೆಯ ದಡದ ಜಲ್ಲಿಪದರದಲ್ಲಿ, ಭೂವೈಜ್ಞಾನಿಕ ಸರ್ವೇಕ್ಷಣೆಯ ಅರುಣ್ ಸೋನಕಿಯಾ ಅವರಿಗೆ ಒಂದು ಬುರುಡೆಯ ಭಾಗ ಸಿಕ್ಕಿತು. ಹುಬ್ಬಿನ ದಂಡೆ ದಪ್ಪ, ಮೆದುಳಿನ ಜಾಗ ಮಾತ್ರ ದೊಡ್ಡದು. ಅದು ಎರೆಕ್ಟಸ್ಸೋ, ನಮಗೆ ಇನ್ನಷ್ಟು ಹತ್ತಿರದವರೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಕರ್ನಾಟಕದಲ್ಲಿ? ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಕೈಗೊಡಲಿ ತಯಾರಿಸುತ್ತಿದ್ದ ಜಾಗವನ್ನೇ ಅಗೆದು ತೆಗೆಯಿತು. ಅಲ್ಲಿದ್ದ ಪ್ರಾಣಿಗಳ ಹಲ್ಲು ಪರೀಕ್ಷಿಸಿದಾಗ ಬಂದ ವಯಸ್ಸು ಸುಮಾರು 12 ಲಕ್ಷ ವರ್ಷ. ಅಲ್ಲಿನದು ಸುಣ್ಣಕಲ್ಲಿನ ನೆಲ, ಹಾಗಾಗಿ ಹಲ್ಲು ಉಳಿಯಿತು. ಕೊಡಲಿ ಮಾಡಿದವನ ಮೂಳೆ ಅಲ್ಲೂ ಸಿಗಲಿಲ್ಲ. ಆದರೂ ಅವನು ಅಲ್ಲಿದ್ದ ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಅಷ್ಟೇ: ಲಾಗ್ ಇಲ್ಲ ಅಂದ್ರೆ ಏನೂ ನಡೆದೇ ಇಲ್ಲ ಅಂತಲ್ಲ.

ಹಾಗಾದರೆ ನಮ್ಮ ಮಣ್ಣು ಉಳಿಸಿಕೊಂಡದ್ದೇನು? ಕಲ್ಲು. ಹೊಸನಗರ ತಾಲ್ಲೂಕಿನ ನಿಲಸ್ಕಲ್, ಬೈಸೆಗಳಲ್ಲಿ ಬೃಹತ್ ಶಿಲಾಯುಗದ ನಿಲುವುಗಲ್ಲುಗಳಿವೆ. ಇವನ್ನು ನಿಲ್ಲಿಸಿದವರು ಆದಿಮಾನವರಲ್ಲ, ನಮ್ಮಂತೆಯೇ ಗದ್ದ ಇದ್ದವರು. ಕೆಲವು ಕಲ್ಲುಗಳ ಜೋಡಣೆ ವರ್ಷದ ಅತಿ ಉದ್ದದ ಮತ್ತು ಅತಿ ಗಿಡ್ಡ ಹಗಲಿನ ಸೂರ್ಯೋದಯ, ಸೂರ್ಯಾಸ್ತಗಳ ದಿಕ್ಕಿಗೆ ಹೊಂದುತ್ತದೆ ಎಂದು ಶ್ರೀಕುಮಾರ್ ಮೆನನ್ ಮತ್ತು ಸಂಗಡಿಗರ ಅಧ್ಯಯನ ಹೇಳುತ್ತದೆ. ಇಲ್ಲಿ ಸಾಕ್ಷಿ ಇರುವುದು ಕಲ್ಲಲ್ಲಿ ಮಾತ್ರ ಅಲ್ಲ, ಕಲ್ಲು ನಿಂತ ಜಾಗದಲ್ಲಿ. ತೋಟಕ್ಕೆ ಅಡ್ಡ ಅಂತ ಜೆಸಿಬಿ ತಂದು ಹತ್ತಡಿ ಆಚೆ ಸರಿಸಿದರೂ ಕಲ್ಲು ಉಳಿಯುತ್ತದೆ, ದಿಕ್ಕು ಅಳಿಯುತ್ತದೆ. ಮೂಳೆಯನ್ನು ಮಳೆ ತಿಂದಿದ್ದಕ್ಕೆ ನಾವು ಏನೂ ಮಾಡುವಂತಿಲ್ಲ. ಕಲ್ಲಿನ ವಿಷಯ ಹಾಗಲ್ಲ.

ಇಷ್ಟೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಅಳಿಯ ತನ್ನ ಗದ್ದ ಮುಟ್ಟಿಕೊಂಡು ನೋಡಿದ. ಆಮೇಲೆ ಬಕಲ್ಲನ್ನು ತೊಳೆದು ಬೆಂಕಿಪೊಟ್ಟಣದಲ್ಲಿಟ್ಟು, ಮೇಲೆ ಬರೆದ: 'ಕರಿಯ. ತೋಟದ ಮೂರನೇ ಸಾಲು, ಬಾವಿ ಕಡೆ.' ಸಿಕ್ಕ ಜಾಗವನ್ನೂ ಬರೆಯಬೇಕು ಅಂತ ನಾನು ಹೇಳಿಕೊಟ್ಟಿರಲಿಲ್ಲ.