ತುಂಟನೋ, ರೌಡಿಯೋ?

ಊಟದ ಬೆಲ್ ಹೊಡೆದ ಮರುಕ್ಷಣ ಶಾಲೆಯ ಅಂಗಳದಲ್ಲಿ ಏಳುವ ಕೇಕೆ, ಓಟ, ನೂಕಾಟಗಳನ್ನು ಬಣ್ಣಿಸಲು ಇಂಗ್ಲಿಷಿನಲ್ಲಿ ಒಂದು ಗುಣವಾಚಕವಿದೆ: ‘ಬಾಯ್‌ಸ್ಟರಸ್’. ಪ್ರಗತಿಪತ್ರದ ಷರಾದಲ್ಲಿ ಈ ಪದ ಕಂಡರೆ ತಂದೆತಾಯಿ ಗಾಬರಿಯಾಗುವುದುಂಟು. ಆದರೆ ಅದು ಪೂರ್ತಿ ದೂರೂ ಅಲ್ಲ, ಪೂರ್ತಿ ಹೊಗಳಿಕೆಯೂ ಅಲ್ಲ. ಮಗುವಿನ ಹುರುಪು ಉಕ್ಕಿ ಸದ್ದಾಗಿದೆ, ಮನಸ್ಸಿನಲ್ಲಿ ಕೆಡುಕಿಲ್ಲ ಎಂಬುದೇ ಅದರ ತಿರುಳು.

‘ಬಾಯ್’ ಎಂಬ ಸದ್ದು ಕೇಳಿ ಇದು ಹುಡುಗರಿಗೆ ಮಾತ್ರ ಸಲ್ಲುವ ಪದವೆಂದು ವಿದ್ಯಾರ್ಥಿಗಳು ತಿಳಿಯಬಾರದು. ಹುಡುಗಿಯರ ಗುಂಪಿಗೂ, ಕ್ರಿಕೆಟ್ ನೋಡುವ ಜನಜಂಗುಳಿಗೂ, ದೊಡ್ಡ ನಗುವಿಗೂ ಅದು ಒಪ್ಪುತ್ತದೆ. ಮಧ್ಯಕಾಲದ ಇಂಗ್ಲಿಷಿನಲ್ಲಿ ‘ಒರಟು’ ಎಂಬ ಅರ್ಥವಿದ್ದ ಪದವೊಂದರಿಂದ ಇದು ಬಂದಿದೆ. ಬಿರುಗಾಳಿ, ಕಡಲುಗಳಿಗೂ ಇದನ್ನು ಬಳಸುತ್ತಿದ್ದರು. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ, ನೀರಿನ ಮೇಲೆ ನಡೆಯುತ್ತಿದ್ದ ಪೇತ್ರನನ್ನು ಹೆದರಿಸಿದ ಗಾಳಿಗೆ ಇದೇ ವಿಶೇಷಣ. ಮಕ್ಕಳ ಹುರುಪಿಗೆ ಅದು ಅಂಟಿಕೊಂಡದ್ದು ಆಮೇಲೆ.

ಹತ್ತಿರದ ಪದಗಳ ಅಂತರವನ್ನೂ ಗಮನಿಸಬೇಕು. ‘ನಾಯ್ಸಿ’ ಎಂದರೆ ಬರಿ ಸದ್ದು. ಹಳೆಯ ಫ್ಯಾನಿಗೂ ಅದು ಸಲ್ಲುತ್ತದೆ. ಫ್ಯಾನನ್ನು ಯಾರೂ ‘ಬಾಯ್‌ಸ್ಟರಸ್’ ಎನ್ನುವುದಿಲ್ಲ. ‘ರ‍್ಯಾಂಬಂಕ್ಷಸ್’ ಅಮೆರಿಕದಲ್ಲಿ ಹುಟ್ಟಿದ ಪದ. ಹಿಡಿತಕ್ಕೆ ಸಿಗದ ತುಂಟರನ್ನು ಕುರಿತು ಸಲಿಗೆಯಿಂದ ಆಡುವ ಮಾತು.

ಎಚ್ಚರ ಬೇಕಾದದ್ದು ‘ರೌಡಿ’ಯ ವಿಷಯದಲ್ಲಿ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಒರಟು ಜಗಳಗಂಟರಿಗೆ ಇದ್ದ ಹೆಸರಿದು. ಈಗ ಇಂಗ್ಲಿಷಿನಲ್ಲಿ ಗಲಾಟೆ ಮಾಡುವ ತರಗತಿಯನ್ನು ‘ರೌಡಿ’ ಎಂದರೆ ಶಿಸ್ತಿಲ್ಲ ಎಂದಷ್ಟೇ ಅರ್ಥ. ಕನ್ನಡಕ್ಕೆ ಬಂದ ‘ರೌಡಿ’ಯ ದಾರಿಯೇ ಬೇರೆ. ಇಲ್ಲಿ ಅದು ಗುಣವಾಚಕವಾಗಿ ಉಳಿಯದೆ ಮಚ್ಚು ಹಿಡಿದ ಮನುಷ್ಯನಾಯಿತು. ಪೊಲೀಸ್ ಠಾಣೆಯ ಪಟ್ಟಿ ಸೇರಿತು. ಶಿಕ್ಷಕರು ಇಂಗ್ಲಿಷಿನಲ್ಲಿ ಬರೆದದ್ದನ್ನು ತಂದೆ ಕನ್ನಡದಲ್ಲಿ ಓದಿಕೊಂಡರೆ, ತರಗತಿಯಲ್ಲಿ ಕೂಗಾಡಿದ ಹುಡುಗ ಮನೆಯಲ್ಲಿ ಗೂಂಡಾ ಆಗಿಬಿಡುತ್ತಾನೆ.

ನಮ್ಮಲ್ಲಿಯೂ ಪದಗಳಿಗೆ ಕೊರತೆಯಿಲ್ಲ. ‘ತುಂಟ’ನಲ್ಲಿ ಮುದ್ದಿದೆ, ‘ಪುಂಡ’ನಲ್ಲಿ ಬೈಗುಳವಿದೆ. ‘ಗಲಾಟೆ’ ಮನೆಮಾತು, ‘ದಾಂಧಲೆ’ ಸುದ್ದಿಮಾತು. ‘ಗಲಾಟೆ ಮಾಡಿದೆ’ ಎಂದರೆ ಒಂದು ದಿನದ ನಡತೆಯ ಮಾತು. ‘ನೀನೊಬ್ಬ ಪುಂಡ’ ಎಂದರೆ ಇಡೀ ಮನುಷ್ಯನಿಗೆ ಹಚ್ಚಿದ ಹಣೆಪಟ್ಟಿ. ಮೊದಲನೆಯದನ್ನು ಮಗು ನಾಳೆ ತಿದ್ದಿಕೊಳ್ಳಬಹುದು. ಎರಡನೆಯದನ್ನು ಪದೇ ಪದೇ ಕೇಳಿದರೆ ನಿಜವೆಂದೇ ನಂಬಬಹುದು.

ಆದ್ದರಿಂದ ಷರಾ ಓದಿದ ತಂದೆತಾಯಿ ಮೊದಲು ಕೇಳಬೇಕಾದದ್ದು, ಗದ್ದಲ ಎಲ್ಲಿ, ಯಾವಾಗ ಎಂದು. ಪಾಠದ ವೇಳೆಯದಾದರೆ ತಿದ್ದಬೇಕು. ಆಟದ ಬಯಲಿನದಾದರೆ ಮಗು ಆರೋಗ್ಯವಾಗಿದೆಯೆಂದು ನೆಮ್ಮದಿಯಾಗಿರಬಹುದು.