ಕವಲೊಡೆದ ಕತೆಯನ್ನು ಕೂಡಿಸುವ ಕಲೆ

ಇಂಟರಾಕ್ಟಿವ್ ಫಿಕ್ಷನ್ ಎಂದರೆ ಓದುತ್ತಲೇ ಆಡುವ ಆಟ. ಪರದೆಯ ಮೇಲೆ ನಾಲ್ಕು ಸಾಲು ಕತೆ ಮೂಡುತ್ತದೆ, ಆಮೇಲೆ ಪ್ರಶ್ನೆ ಬರುತ್ತದೆ: ಈಗ ಏನು ಮಾಡುತ್ತೀರಿ? ಅಮೆರಿಕದ ವಿಲ್ ಕ್ರೌದರ್ 1970ರ ದಶಕದಲ್ಲಿ ಕೆಂಟಕಿಯ ಮ್ಯಾಮತ್ ಗುಹೆಗಳನ್ನು ನೆನೆದು ಬರೆದ ‘ಅಡ್ವೆಂಚರ್’ ಈ ಬಗೆಯ ಆಟಗಳ ಹಿರಿಯಣ್ಣ. ಅಲ್ಲಿಂದ ಇಲ್ಲಿಯವರೆಗೂ ಈ ಕಸುಬಿನವರನ್ನು ಕಾಡುತ್ತಿರುವ ಪ್ರಶ್ನೆ ಒಂದೇ. ಆಟಗಾರರಿಗೆ ಎಷ್ಟು ಬಿಟ್ಟುಕೊಡಬೇಕು, ಎಷ್ಟನ್ನು ಕತೆಗಾರ ತನ್ನ ಕೈಯಲ್ಲೇ ಇಟ್ಟುಕೊಳ್ಳಬೇಕು?

ಎಲ್ಲವನ್ನೂ ಬಿಟ್ಟುಕೊಟ್ಟರೆ ಏನಾಗುತ್ತದೆಂದು ಲೆಕ್ಕ ಹಾಕಿ ನೋಡಿ. ಪ್ರತಿ ತಿರುವಿನಲ್ಲೂ ಎರಡೇ ದಾರಿ, ಒಟ್ಟು ಹತ್ತೇ ತಿರುವು ಎಂದುಕೊಂಡರೂ ಕತೆಗೆ 1,024 ಕೊನೆಗಳು ಬೇಕಾಗುತ್ತವೆ. ಆಡುವವರು ಒಮ್ಮೆಗೆ ಕಾಣುವುದು ಅದರಲ್ಲಿ ಒಂದನ್ನು ಮಾತ್ರ. ಅಷ್ಟೂ ಕೊನೆಗಳನ್ನು ಬರೆಯಲು ಹೊರಟ ಲೇಖಕನಿಗೆ ಯಾವ ಪಾತ್ರದ ಜೊತೆಗೂ ಹೆಚ್ಚು ಹೊತ್ತು ನಿಲ್ಲಲು ಬಿಡುವಿರುವುದಿಲ್ಲ. ಇನ್ನೊಂದು ತುದಿಗೆ ಹೋಗಿ, ಏನನ್ನು ಆರಿಸಿದರೂ ಮುಂದಿನ ಪುಟ ಅದೇ ಎಂದಾದರೆ, ಆಡುವವರಿಗೆ ಅದು ಬೇಗ ಗೊತ್ತಾಗುತ್ತದೆ. ಮೋಸಹೋದೆವೆಂದು ಎದ್ದು ಹೋಗುತ್ತಾರೆ.

ಇವೆರಡರ ನಡುವಿನ ದಾರಿಯನ್ನು ನೋಡಬೇಕಾದರೆ ‘80 ಡೇಸ್’ ಆಡಬೇಕು. ಜೂಲ್ಸ್ ವರ್ನ್ ಕಾದಂಬರಿಯನ್ನು ಆಧರಿಸಿ ಬ್ರಿಟನ್ನಿನ ಇಂಕಲ್ ಸಂಸ್ಥೆ 2014ರಲ್ಲಿ ಹೊರತಂದ ಆಟ ಇದು. ಹೆಚ್ಚಿನ ಬರವಣಿಗೆ ಮೆಗ್ ಜಯಂತ್ ಅವರದು. ನೂರಕ್ಕೂ ಹೆಚ್ಚು ಊರುಗಳು, ಐದು ಲಕ್ಷಕ್ಕೂ ಹೆಚ್ಚು ಪದಗಳು. ಯಾವ ಊರಿಂದ ಯಾವ ಊರಿಗೆ, ರೈಲೋ ಹಡಗೋ ಎಂಬುದೆಲ್ಲ ಆಡುವವರ ಇಷ್ಟ. ಹಾಗೆಂದು ಕತೆ ದಿಕ್ಕೆಟ್ಟು ಹೋಗುವುದಿಲ್ಲ. ಲಂಡನ್ನಿನಿಂದ ಹೊರಟು ಲಂಡನ್ನಿಗೇ ಮರಳಬೇಕು, ಗಡಿಯಾರ ನಿಲ್ಲದೆ ಓಡುತ್ತಿದೆ, ಕೈಯಲ್ಲಿರುವ ಹಣ ಕರಗುತ್ತಿದೆ. ಈ ಮೂರು ಕಟ್ಟುಗಳನ್ನು ಲೇಖಕಿ ಬಿಗಿಯಾಗಿ ಹಿಡಿದಿರುವುದರಿಂದಲೇ ನಕ್ಷೆಯನ್ನು ಧಾರಾಳವಾಗಿ ಬಿಟ್ಟುಕೊಡಲು ಸಾಧ್ಯವಾಗಿದೆ.

ಇದಕ್ಕಿಂತ ಜಾಣತನದ್ದು ಪಾತ್ರದ ಆಯ್ಕೆ. ನಾವು ಇಲ್ಲಿ ಎಂಬತ್ತು ದಿನದಲ್ಲಿ ಲೋಕ ಸುತ್ತಿ ಬರುವೆನೆಂದು ಪಂದ್ಯ ಕಟ್ಟಿದ ಸಾಹುಕಾರ ಫಿಲಿಯಸ್ ಫಾಗ್ ಆಗುವುದಿಲ್ಲ, ಅವನ ಸೇವಕ ಪಾಸ್‌ಪರ್ಟೂ ಆಗುತ್ತೇವೆ. ಸೇವಕನಿಗೆ ತನ್ನದೇ ಬುದ್ಧಿ ಇದೆ, ಮಾತಿದೆ, ಊರು ಸುತ್ತುವ ಕಾಲುಗಳಿವೆ. ಆದರೆ ಲೋಕವನ್ನು ತಿದ್ದುವ ಅಧಿಕಾರವಿಲ್ಲ. ದಾರಿಯಲ್ಲಿ ಸಿಗುವವರಿಗೆ ಅವರವರದೇ ಹೋರಾಟ, ಅವರವರದೇ ಗುಟ್ಟು. ನಮ್ಮನ್ನು ಕಾಯುತ್ತ ಯಾರೂ ಕುಳಿತಿರುವುದಿಲ್ಲ. ಹಾಗಾಗಿ ‘ಇದನ್ನು ಮಾಡಲು ಆಗುವುದಿಲ್ಲ’ ಎಂಬ ಮಿತಿ ಆಟದ ಕೊರತೆಯಾಗಿ ಕಾಣದೆ, ಆ ಮನುಷ್ಯನ ಸ್ಥಿತಿಯಾಗಿ ಕಾಣುತ್ತದೆ.

ಇದರ ಒಳಗಿನ ನೇಯ್ಗೆ ಹೇಗಿರುತ್ತದೆಂದು ತಿಳಿಯಲು ಇಂಕಲ್‌ನವರದೇ ಬರವಣಿಗೆಯ ಭಾಷೆ ‘ಇಂಕ್’ ಅನ್ನು ನೋಡಬಹುದು. 2016ರಿಂದ ಅದು ಎಲ್ಲರಿಗೂ ಮುಕ್ತ. ಅದರಲ್ಲಿ ಸಾಲಿನ ಮೊದಲಿಗೆ ನಕ್ಷತ್ರ ಚಿಹ್ನೆ ಇಟ್ಟರೆ ಅದು ಒಂದು ಆಯ್ಕೆ; ಅಡ್ಡಗೆರೆ ಇಟ್ಟರೆ ಅಲ್ಲಿಗೆ ಕವಲುಗಳೆಲ್ಲ ಬಂದು ಕೂಡುತ್ತವೆ. ಗಡಿಯ ಅಧಿಕಾರಿ ನಿಮ್ಮ ಪೆಟ್ಟಿಗೆಯನ್ನು ತಡೆದನೆನ್ನಿ. ನಗಬಹುದು, ವಾದಿಸಬಹುದು, ಕೈಬೆಚ್ಚಗೆ ಮಾಡಬಹುದು. ಮೂರಕ್ಕೂ ಎರಡೆರಡು ಸಾಲು ಬೇರೆಬೇರೆ ಬರೆದು, ಮೂರನೆಯ ಸಾಲಿಗೆ, ಯಾವುದನ್ನು ಆರಿಸಿದವರನ್ನೂ ಗಡಿ ದಾಟಿಸಬಹುದು. ಘಟನೆ ಲೇಖಕರದು, ನಡತೆ ಆಡುವವರದು.

ಕೂಡಿದ ಮೇಲೆ ಎಲ್ಲವನ್ನೂ ಮರೆತುಬಿಟ್ಟರೆ ಮತ್ತೆ ಅದೇ ಮೋಸ. ಆದ್ದರಿಂದ ಆಟ ನೆನಪಿಟ್ಟುಕೊಳ್ಳಬೇಕು. ಆಡುವವರು ಕತೆಯ ಯಾವ ತುಣುಕನ್ನು ಎಷ್ಟು ಸಲ ಮುಟ್ಟಿದರೆಂಬ ಲೆಕ್ಕವನ್ನು ಇಂಕ್ ತಾನೇ ಇಟ್ಟಿರುತ್ತದೆ. ಲಂಚ ಕೊಟ್ಟಿದ್ದು ಮೂರು ಊರು ದಾಟಿದ ಮೇಲೆ ಒಡೆಯನ ಒಂದು ಬಿಗಿ ಮಾತಾಗಿ ಹಿಂತಿರುಗಿದರೆ ಸಾಕು, ತಾವು ಮಾಡಿದ್ದಕ್ಕೆ ಬೆಲೆಯಿದೆ ಎಂದು ಆಡುವವರಿಗೆ ಅನ್ನಿಸುತ್ತದೆ. ಹೊಸ ಕವಲು ತೆರೆಯುವುದಕ್ಕಿಂತ ಹಳೆಯದೊಂದನ್ನು ಸರಿಯಾದ ಹೊತ್ತಿಗೆ ನೆನಪಿಸುವುದು ಅಗ್ಗ, ಮತ್ತು ಎಷ್ಟೋ ಸಲ ಹೆಚ್ಚು ಪರಿಣಾಮಕಾರಿ.

ಆಯ್ಕೆಯನ್ನು ಕಿತ್ತುಕೊಳ್ಳುವುದೂ ಒಂದು ವಿದ್ಯೆಯೇ. ಆ್ಯಡಮ್ ಕೇಡರ್ ಬರೆದ ‘ಫೋಟೋಪಿಯಾ’ (1998) ಹೆಚ್ಚುಕಡಿಮೆ ನೇರ ಗೆರೆಯ ಕತೆ. ಆಡುವವರು ಏನೇ ಮಾಡಿದರೂ ಒಂದು ಹುಡುಗಿಯ ಸಾವನ್ನು ತಪ್ಪಿಸಲಾರರು. ಪುಸ್ತಕದಲ್ಲಿ ಓದಿದ್ದರೆ ಅದು ಇನ್ನೊಬ್ಬರ ದುರಂತ. ಇಲ್ಲಿ ತಪ್ಪಿಸಲು ಕೈಚಾಚಿದ ಮೇಲೂ ಆಗದೆ ಹೋದದ್ದರಿಂದ ನೋವು ನಮ್ಮದಾಗುತ್ತದೆ. ಸ್ಟೀಫನ್ ಬಾಂಡ್ ಅವರ ‘ರಾಮೆಸಿಸ್’ (2000) ಇನ್ನೂ ಮುಂದೆ ಹೋಗುತ್ತದೆ. ವಸತಿಶಾಲೆಯ ಅಳುಕು ಸ್ವಭಾವದ ಹುಡುಗನೊಬ್ಬನಿಗೆ ನಾವು ಆಜ್ಞೆ ಕೊಡುತ್ತೇವೆ, ಅವನು ಏನಾದರೊಂದು ನೆಪ ಹೇಳಿ ಹಿಂಜರಿಯುತ್ತಾನೆ. ಆ ನಿರಾಕರಣೆಯೇ ಅವನ ಚಿತ್ರ.

ಹೀಗೆ ನೋಡಿದರೆ, ಕವಲುಗಳ ಸಂಖ್ಯೆಯಿಂದ ಈ ಆಟಗಳನ್ನು ಅಳೆಯುವುದು ತಪ್ಪು. ಕತೆಯ ಯಾವ ಭಾಗದ ಹೊಣೆಯನ್ನು ಆಡುವವರ ಹೆಗಲಿಗೆ ಹಾಕಿದ್ದಾರೆ, ಹಾಕಿದ ಮೇಲೆ ಅದನ್ನು ಗೌರವಿಸಿದ್ದಾರೆಯೇ ಎಂಬುದೇ ಅಳತೆಗೋಲು. ‘ಫೋಟೋಪಿಯಾ’ ಉಚಿತವಾಗಿ ಸಿಗುತ್ತದೆ, ಒಂದು ಸಂಜೆಗೆ ಮುಗಿಯುತ್ತದೆ. ಅದನ್ನು ಮುಗಿಸಿ ‘80 ಡೇಸ್’ಗೆ ಬನ್ನಿ; ಅದನ್ನು ಮಾತ್ರ ಎರಡು ಸಲ, ಬೇರೆಬೇರೆ ದಾರಿಯಲ್ಲಿ ಆಡಿ. ಲೇಖಕಿ ಎಲ್ಲೆಲ್ಲಿ ಹಗ್ಗ ಹಿಡಿದಿದ್ದಾರೆ, ಎಲ್ಲೆಲ್ಲಿ ಬಿಟ್ಟಿದ್ದಾರೆ ಎಂಬುದು ಎರಡನೆಯ ಸಲಕ್ಕೆ ಸ್ಪಷ್ಟವಾಗಿ ಕಾಣುತ್ತದೆ.